ತಂಗಿಯ ಮೊಣಕಾಲು

ಹಾಕಿ ಕೋಚ್ ಸರ್ ಅವರಿಗೆ ನಮಸ್ಕಾರ.

ಫೈನಲ್ ದಿನ ನನ್ನ ಮೊಣಕಾಲು ಊದಿಕೊಂಡಿತ್ತು. "ನೋವೆಲ್ಲ ಮನಸ್ಸಿಂದು ಕಣಮ್ಮಾ, ಇಂಜೆಕ್ಷನ್ ತಗೊಂಡು ಇಳಿ" ಎಂದಿರಿ. ಇಳಿದೆ, ಗೋಲು ಹೊಡೆದೆ, ಗೆದ್ದೆವು. ಆಮೇಲೆ ನಾನು ಓಡಲೇ ಇಲ್ಲ. ನೀವೂ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ.

ಈಗ ನನ್ನ ಜಾಗಕ್ಕೆ ನನ್ನ ತಂಗಿಯನ್ನೇ ಆರಿಸಿದ್ದೀರಿ. ಅವಳ ಮೊಣಕಾಲೂ ಊದಿದೆ ಸರ್, ನಿಮಗೆ ಹೇಳಿಲ್ಲ. ನಿನ್ನೆ ಕೋಣೆಯ ಬಾಗಿಲು ಹಾಕಿಕೊಂಡು, "ಅಕ್ಕಾ, ಸರ್ ಮುಂದೆ ಕುಂಟದೆ ನಡೆಯೋದು ಹೇಗೆ, ಹೇಳ್ಕೊಡು" ಎಂದು ಅತ್ತಳು. ನಾನು ಒಪ್ಪಲಿಲ್ಲ. "ನಿಂಗೆ ಹೊಟ್ಟೆಕಿಚ್ಚು" ಎಂದಳು. ಅದು ಪೂರ್ತಿ ಸುಳ್ಳೂ ಅಲ್ಲ.

ದಯವಿಟ್ಟು ಅವಳನ್ನು ತಂಡದಿಂದ ಕೈಬಿಡಿ. ತಿಳಿಸಿದ್ದು ನಾನೇ ಎಂದು ಬೇಕಾದರೆ ಹೇಳಿಬಿಡಿ. ನನಗೆ ಶಾಪ ಹಾಕಲಾದರೂ ಅವಳು ಎರಡು ಕಾಲ ಮೇಲೆ ನಿಂತಿರಲಿ.

ಇಂತಿ,
ನಿಮ್ಮ ಹಳೆಯ ಸೆಂಟರ್ ಫಾರ್ವರ್ಡ್