ಅಪ್ಪನ ಕ್ಯಾಮೆರಾದ ಬೆನ್ನು ತೆರೆಯಬೇಡ

ಅಣ್ಣಾ,

ನಿನ್ನ ಕ್ಯಾಮೆರಾ ಐದನೆಯ ಫೋಟೋ ಆದಮೇಲೆ ಕಚ್ಚಿಕೊಂಡು ಕೂತಿತು. ಬಚ್ಚಲಲ್ಲಿ ದೀಪ ಆರಿಸಿ, ಕಂಬಳಿ ಹೊದ್ದು, ರೀಲನ್ನು ಹಿಂದಕ್ಕೆ ಸುತ್ತಿ ಅಪ್ಪನ ಹಳೆಯ ಕ್ಯಾಮೆರಾಗೆ ಹಾಕಿದ್ದೇನೆ. ಕೈ ಸೋತುಹೋಗಿದೆ, ಇನ್ನು ದಿನವಿಡೀ ಹೊಲಿಗೆ ಅಂಗಡಿಯಲ್ಲಿ ಕೂರಬೇಕು.

ಲೆನ್ಸಿನ ಮುಚ್ಚಳ ತೆಗೆಯದೆ, ಹಿಂದಿನ ಕೆಂಪು ಕಿಂಡಿಯಲ್ಲಿ ಏಳನೆಯ ಫೋಟೋದ ಅಂಕಿ ಕಾಣುವವರೆಗೆ ಸುತ್ತಿಟ್ಟಿದ್ದೇನೆ. ಒಂದು ಫೋಟೋದ ಮೇಲೆ ಇನ್ನೊಂದು ಬೀಳದಿರಲೆಂದು ಆರನ್ನು ಬೇಕೆಂದೇ ಬಿಟ್ಟೆ. ರೀಲು ಇದೆಯೋ ಇಲ್ಲವೋ ಎಂದು ಬೆನ್ನು ತೆರೆದು ನೋಡುವ ನಿನ್ನ ಚಾಳಿ ಇವತ್ತು ಬೇಡ. ಬೆಳಕು ಬಿದ್ದರೆ ಎಲ್ಲ ಹೋಯಿತು. ರೀಲು ಇದೆ, ನಂಬು.

ಆ ಐದರಲ್ಲಿ ಅಪ್ಪ ಇದ್ದಾರೆ. ಲಕ್ವ ಹೊಡೆದ ಮೇಲೆ ಮೊದಲ ಸಲ ಮುಖ ತಿರುಗಿಸದೆ ಕೂತರು. ಕ್ಯಾಮೆರಾ ನಿಂತಾಗ, "ಇರ್ಲಿ ಬಿಡು, ಮಿಕ್ಕಿದ್ದು ಅವನು ತೆಗೀಲಿ" ಅಂದರು.

"ಅವನು ಅಂದ್ರೆ ಯಾರಪ್ಪಾ?"

"ನಂಗೇನು ಹತ್ತು ಜನ ಗಂಡುಮಕ್ಕಳಿದಾರಾ?" ಅಂತ ರೇಗಿದರು.

ನೀವಿಬ್ಬರು ಮಾತು ಬಿಟ್ಟ ಮೇಲೆ ಅವರು ನಿನ್ನನ್ನು ಹತ್ತಿರಕ್ಕೆ ಕರೆದಂತಾದದ್ದು ಇದೇ ಮೊದಲು. ಅವರ ಮಾತು ನಿನಗೆ, ನಿನ್ನ ಮಾತು ಅವರಿಗೆ ಸಾಗಿಸಿ ನನಗೂ ಸಾಕಾಗಿದೆ.

ಅವರ ಗಡ್ಡ ಹೆರೆದಿದ್ದೇನೆ. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದಿಟ್ಟಿದ್ದೇನೆ. "ಅಪ್ಪಾ, ಈ ಕಡೆ ನೋಡಿ" ಅಂತ ಮಾತ್ರ ನೀನೇ ಹೇಳಬೇಕು.