ಅರವತ್ತಾರೂವರೆ ಅಡಿ

ಬೋಫೋರ್ಟ್, ನಾರ್ತ್ ಕೆರೊಲಿನಾ
ಭಾನುವಾರ, ೬ ಅಕ್ಟೋಬರ್ ೧೯೯೧

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಫಾಲ್ಮತ್‌ನಲ್ಲಿ ಚಳಿ ಶುರುವಾಗಿರಬೇಕು, ಒದ್ದೆ ಕಾಲುಚೀಲದಲ್ಲೇ ದಿನವಿಡೀ ಓಡಾಡಬೇಡಿ. ನನ್ನ ಕಾಲೇಜಿನ ಮೊದಲ ಪರೀಕ್ಷೆ ಮುಗಿಯಿತು. ಹೇಗಾಯಿತೋ ಗೊತ್ತಿಲ್ಲ. ಅಲ್ಲಿ ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ನನ್ನನ್ನು ಅಮೆರಿಕದವಳೆಂದು ನಗುತ್ತಿದ್ದರು, ಇಲ್ಲಿ ಇಂಗ್ಲೆಂಡಿನವಳೆಂದು ನಗುತ್ತಾರೆ. ಇರಲಿ. ವಾರಾಂತ್ಯಕ್ಕೆ ಅಮ್ಮನ ಮನೆಗೆ ಬಂದಿದ್ದೇನೆ.

ಅಮ್ಮನ ಗಂಡ ಹಾರ್ಲನ್ ಕೊನೆಗೂ ಹಾಯಿದೋಣಿ ಕೊಂಡ. ಮೂವತ್ತು ವರ್ಷ ಸೀಗಡಿ ಹಿಡಿದವನು, ಹಾಯಿಕಂಬದ ವಿಷಯ ಏನೂ ತಿಳಿಯದು. ಮನೆ ಹಿಂದಿನ ಹಿನ್ನೀರಿಗೆ ದೋಣಿ ಬರಬೇಕಾದರೆ ದೊಡ್ಡ ಸೇತುವೆಯ ಕೆಳಗೇ ದಾಟಬೇಕು. ಉಬ್ಬರದಲ್ಲಿ ಅದರಡಿ ಅರವತ್ತೈದು ಅಡಿ ಜಾಗ. ಇಳಿತ ಕಾಯೋಣವೆಂದರೆ ದೋಣಿಯ ತಳ ಕೆಸರಿಗೆ ತಾಗುತ್ತದೆ. ಮಾರುವವನ ಕಾಗದದಲ್ಲಿ ಕಂಬ ಅರವತ್ತೆರಡು ಅಡಿ. ಅದು ದೋಣಿಯ ಡೆಕ್ಕಿನಿಂದ ಮೇಲಕ್ಕೆ ಅಳೆದದ್ದು, ನೀರಿನಿಂದಲ್ಲ. ತುದಿಯ ಗೇಣುದ್ದದ ಆಂಟೆನಾ ಲೆಕ್ಕಕ್ಕೇ ಇಲ್ಲ. ಇದನ್ನು ನನಗೆ ಕಲಿಸಿದವರು ನೀವೇ. ಹಾರ್ಲನ್‌ಗೆ ಅಷ್ಟು ತಿಳಿಯದಿದ್ದರೂ ಅನುಮಾನವಿತ್ತು. "ಕಾಗದ ನಂಬೋದು ಬೇಡ, ನೀನೇ ಅಳೆದು ಹೇಳು ಪುಟ್ಟಿ. ನಿಮ್ಮಪ್ಪ ಕಲಿಸಿರೋದಲ್ವಾ, ತಪ್ಪಾಗಲ್ಲ" ಎಂದ.

ಹಾಯಿ ಏರಿಸುವ ಹಗ್ಗಕ್ಕೆ ಅಳತೆಯ ಟೇಪು ಕಟ್ಟಿ ಕಂಬದ ತುದಿಗೆ ಎಳೆದೆ, ಇನ್ನೊಂದು ಕೊನೆಯನ್ನು ನೀರಿಗೆ ಮುಟ್ಟಿಸಿದೆ, ಆಂಟೆನಾ ಸೇರಿಸಿದೆ. ಅರವತ್ತಾರೂವರೆ. ಎರಡು ಸಲ ನೋಡಿದೆ. ಆಗ ನಿಮ್ಮ ಆಗಸ್ಟಿನ ಪತ್ರ ನೆನಪಾಯಿತು: ಆ ಸೀಗಡಿಯವನು ಒಂದು ಸಲ ನಾಲ್ಕು ಜನರೆದುರು ನಗೆಪಾಟಲಾಗುವುದನ್ನು ನೋಡಬೇಕು ಎಂದು ಬರೆದಿದ್ದಿರಿ. ಟೇಪು ಸುತ್ತಿಕೊಂಡು, "ಅರವತ್ತೆರಡೇ, ಕಾಗದ ಸರಿ ಇದೆ" ಅಂದುಬಿಟ್ಟೆ. ಪಕ್ಕದಲ್ಲಿದ್ದ ಮಾರುವವನು ಟೇಪಿನ ಅಂಕಿ ಕಂಡಿದ್ದ. "ಮಗಳು ಜಾಣೆ ಕಣಯ್ಯ" ಎಂದು ಹಾರ್ಲನ್ನನ ಬೆನ್ನು ತಟ್ಟಿದ. ತನ್ನ ಮಗಳಲ್ಲ ಎಂದು ಹಾರ್ಲನ್ ಹೇಳಲಿಲ್ಲ, ಕಿವಿ ಕೆಂಪಾಯಿತು ಅಷ್ಟೆ. ಅಲ್ಲೇ ಸಹಿ ಹಾಕಿದ. ಊಟಕ್ಕೆ ಹುರಿದ ಸಿಂಪಿ. ದಪ್ಪದಪ್ಪನೆಯವನ್ನೆಲ್ಲ ಆರಿಸಿ ನನ್ನ ತಟ್ಟೆಗೇ ಹಾಕಿದ. ತಿಂದೆ. ಚೆನ್ನಾಗಿತ್ತು.

ಶನಿವಾರ ಹತ್ತೊಂಬತ್ತಕ್ಕೆ, ಮಧ್ಯಾಹ್ನದ ಉಬ್ಬರದಲ್ಲಿ ದೋಣಿ ಮನೆಗೆ ಬರುತ್ತದೆ. ನೀವು ಕೇಳಿದ ನಾಲ್ಕು ಜನರಲ್ಲ ಅಪ್ಪಾ, ಚರ್ಚಿನವರೆಲ್ಲ ನೋಡಲು ಸೇತುವೆಯ ಮೇಲೆ ನಿಲ್ಲುತ್ತಾರಂತೆ. ಓದಿ ನೀವು ನಗುತ್ತೀರೆಂದು ಇಷ್ಟುದ್ದ ಬರೆದೆ. ಮೂರು ವರ್ಷವಾಯಿತು ನಿಮ್ಮ ನಗು ಕೇಳಿ.

ಅಜ್ಜಿಯನ್ನು ಕೇಳಿದೆನೆಂದು ಹೇಳಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ,
ಟ್ಯಾಮ್ಸಿನ್

ಮತ್ತೆ: ಲಕೋಟೆ ಅಂಟಿಸಬೇಕೆನ್ನುವಾಗ ಹಾರ್ಲನ್ ಬಾಗಿಲಿಗೆ ಬಂದಿದ್ದ. "ಸೇತುವೆ ಕೆಳಗೆ ಚುಕ್ಕಾಣಿ ನೀನೇ ಹಿಡೀಬೇಕು. ಅಳೆದೋಳು ನೀನು, ಆ ಮರ್ಯಾದೆ ನಿಂದೇ" ಎಂದ. ಅಮ್ಮ ಹಾಯಿಕಂಬಕ್ಕೆ ಒರಗಿ ನಿಂತು ನನ್ನ ಫೋಟೋ ತೆಗೆಯುತ್ತಾಳಂತೆ. ಹೂಂ ಅಂದೆ. ಪತ್ರ ಬರೆದರೆ ತಡವಾಗುತ್ತದೆ, ಫೋನ್ ಮಾಡಿ. ನೀವು ಹೇಳು ಎಂದರೆ ನಿಜ ಹೇಳಿಬಿಡುತ್ತೇನೆ. ಬೇಡವೆಂದರೆ, ಕಂಬ ಮುರಿದಾಗ ಯಾವ ಕಡೆ ಬೀಳುತ್ತದೆ ಎಂದಾದರೂ ತಿಳಿಸಿ, ಅಮ್ಮನನ್ನು ಇನ್ನೊಂದು ಕಡೆ ನಿಲ್ಲಿಸುತ್ತೇನೆ.