ಬಲಮಗ್ಗುಲಿನ ದಿಂಬು

೧೪ ಜುಲೈ, ಸೋಮವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ನಿನ್ನ ಪತ್ರ ಬಂದು ತಿಂಗಳಾಯಿತು, ಬೈಯಬೇಡ. ಹೊಲಿಯಲು ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ಮಿಷನ್ನಿನ ಮುಂದೆ ಕೂತರೆ ಏಳಲು ಪುರಸೊತ್ತಿಲ್ಲ. ನಿನ್ನ ಮಂಡಿನೋವು ಹೇಗಿದೆ?

"ಅಣ್ಣ ಹೋಗಿ ಎಂಟು ವರ್ಷ ಆಯ್ತು, ಇನ್ನೆಷ್ಟು ದಿನ ಒಬ್ಬರೇ ಇರ್ತೀರಿ ಅತ್ತಿಗೆ?" ಎಂದು ಗದರಿಸಿ ಹೋದ ವರ್ಷ ನೀನು ಮದುವೆ ಮಾಡಿಸಿ ನನಗೆ ಗಂಟು ಹಾಕಿದ ಗಡಿಯಾರದವರು ಚೆನ್ನಾಗಿದ್ದಾರೆ. ಇಡೀ ದಿನ ತಲೆ ಬಗ್ಗಿಸಿ ರಿಪೇರಿ ಮಾಡುವವರು, ಕುತ್ತಿಗೆ ನೋವು ಬಂತು. ಹಳೆಯ ದಿಂಬು ಹಲಗೆಯಾಗಿತ್ತು. ಹೊಸದು ಕೊಳ್ಳಲು ಹೋದೆವು.

ಅಂಗಡಿಯವನು ಕೇಳಿದ: "ಮಗ್ಗುಲಿಗೆ ಮಲಗೋರಿಗೆ ಎತ್ತರದ್ದು ಬೇಕಮ್ಮಾ, ಅಂಗಾತ ಮಲಗೋರಿಗೆ ತೆಳ್ಳಗಿದ್ರೆ ಸಾಕು. ಯಜಮಾನ್ರು ಹೇಗೆ ಮಲಗ್ತಾರೆ?"

"ಬಲಮಗ್ಗುಲಿಗೆ, ಕೆನ್ನೆ ಕೆಳಗೆ ಕೈ ಇಟ್ಕೊಂಡು," ಎಂದು ನಾನೇ ಥಟ್ಟನೆ ಹೇಳಿದೆ. ಟೇಪು ತೆಗೆದು ಅವರ ಭುಜದಿಂದ ಕಿವಿಯವರೆಗೆ ಅಳತೆಯನ್ನೂ ಹಿಡಿದೆ. ಅಳೆದೂ ಸುರಿದೂ ಎತ್ತರದ ಹತ್ತಿ ದಿಂಬು ಆರಿಸಿದೆ. ಅವರು ದುಡ್ಡು ಕೊಟ್ಟು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಮೂರು ವಾರ ಕಳೆಯುವಷ್ಟರಲ್ಲಿ ಅವರ ಕುತ್ತಿಗೆ ಪೂರ್ತಿ ಹಿಡಿದುಕೊಂಡು, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಾಯಿತು, ಪಾಪ. ದಿಂಬು ಹೇಗಿದೆ ಎಂದರೆ, "ಚೆನ್ನಾಗಿದೆ, ಚೆನ್ನಾಗಿದೆ!"

ಹೋದ ಭಾನುವಾರ ಹೊಲಿಗೆಯ ಕೆಲಸ ಮುಗಿಸಿ ಮಧ್ಯಾಹ್ನ ಬೇಗ ಮನೆಗೆ ಬಂದೆ. ನಾನು ಆರಿಸಿದ ದಿಂಬು ಮೂಲೆಯಲ್ಲಿ. ಇವರು ಮಡಿಸಿದ ಟವೆಲಿನ ಮೇಲೆ ತಲೆಯಿಟ್ಟು, ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಆಗ ಹೊಳೆಯಿತು ಪುಟ್ಟಿ, ನಾನು ಅಂಗಡಿಯಲ್ಲಿ ಹೇಳಿದ್ದು ನಿನ್ನ ಅಣ್ಣ ಮಲಗುತ್ತಿದ್ದ ರೀತಿ. ನಾಚಿಕೆಯಿಂದ ಭೂಮಿಗಿಳಿದುಹೋದೆ.

"ಅಂಗಡೀಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀನು ಅಷ್ಟು ಖಾತ್ರಿಯಾಗಿ ಹೇಳಿದೆ. ಸರಿ, ಬಲಮಗ್ಗುಲಿಗೆ ಮಲಗೋದನ್ನ ನಾನೇ ಕಲಿಯೋಣ ಅಂದ್ಕೊಂಡೆ," ಎಂದರು.

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅವತ್ತೇ ಹೊಲಿಗೆ ಬಿಚ್ಚಿ, ಅರ್ಧ ಹತ್ತಿ ತೆಗೆದು, ದಿಂಬನ್ನು ತೆಳ್ಳಗೆ ಮಾಡಿಕೊಟ್ಟೆ. ಈಗ ಕುತ್ತಿಗೆ ಸರಾಗವಾಗಿ ತಿರುಗುತ್ತದೆ. ಒಳ್ಳೆಯ ಮನುಷ್ಯ ಕಣೇ. ನಾನು ಸುಖವಾಗಿದ್ದೇನೆ, ನನ್ನ ಚಿಂತೆ ಬಿಡು.

ಮಕ್ಕಳಿಗೆ ನನ್ನ ಮುದ್ದು. ನಿನ್ನ ಮನೆ ನಗುನಗುತ್ತಿರಲಿ.

ಇಂದಿಗೂ ನಿನ್ನ
ಅತ್ತಿಗೆ

ವಿ.ಸೂ.: ನಕ್ಕೆವು ಎಂದು ಬರೆದದ್ದು ಸುಳ್ಳಲ್ಲ. ಆದರೆ ಹತ್ತಿ ತೆಗೆಯುವಾಗ, ನಿನ್ನ ಅಣ್ಣನನ್ನು ನನ್ನ ಕೈಯಾರೆ ಮನೆಯಿಂದ ಕಳಿಸುತ್ತಿದ್ದೇನೆ ಎನಿಸಿ ಅತ್ತುಬಿಟ್ಟೆ. ಇವರ ಮುಂದೆ ಹೇಳಲಾರೆ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಒಂದೇ ಚಾಪೆಯಲ್ಲಿ ಮಲಗಿದವಳು ನೀನು. ಅವರು ಹಾಗೇ, ಬಲಮಗ್ಗುಲಿಗೆ, ಕೆನ್ನೆ ಕೆಳಗೆ ಕೈ ಇಟ್ಟುಕೊಂಡು ಮಲಗುತ್ತಿದ್ದರಲ್ಲವೇ? ಹೌದು ಎಂದು ಒಂದು ಸಾಲು ಬರೆ. ಇದನ್ನು ಕೇಳಲು ನನಗೆ ನಿನ್ನನ್ನು ಬಿಟ್ಟರೆ ಇನ್ಯಾರೂ ಉಳಿದಿಲ್ಲ.